ಬಾವಿಗೆ ಕಬ್ಬಿಣದ ಪುಡಿ ಹಾಕಿದರೆ ಡೀಸೆಲ್ ವಾಸನೆ ಹೋಗುತ್ತದಾ?

ಅಂಕೋಲಾದಲ್ಲಿ ಹಳೆ ಗ್ಯಾರೇಜಿನ ಪಕ್ಕದ ನಿಮ್ಮ ಬಾವಿಗೆ ಡೀಸೆಲ್ ವಾಸನೆ ಬಂದಿದೆ, ಲೇತ್ ಅಂಗಡಿಯ ಕಬ್ಬಿಣದ ಪುಡಿ ಸುರಿದರೆ ನೀರು ಸರಿಯಾಗುತ್ತದಾ ಅಂತ ಕೇಳಿದ್ದೀರಿ. ದಯವಿಟ್ಟು ಸುರಿಯಬೇಡಿ.

ಕಬ್ಬಿಣ ಕೆಟ್ಟ ನೀರನ್ನು ಶುದ್ಧ ಮಾಡುತ್ತದೆ ಅಂತ ನೀವು ಓದಿದ್ದು ಸುಳ್ಳಲ್ಲ. ಕಬ್ಬಿಣ ತುಕ್ಕು ಹಿಡಿಯುವಾಗ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಅದು ಸಿಕ್ಕಿದರೆ ವಿಷದ ಕ್ರೋಮಿಯಂ ನೀರಲ್ಲಿ ಕರಗದ ರೂಪಕ್ಕೆ ಬದಲಾಗಿ ಅಲ್ಲೇ ಕೂತುಬಿಡುತ್ತದೆ. ಕ್ಲೋರಿನ್ ಇರುವ ದ್ರಾವಕಗಳಿಂದ ಕ್ಲೋರಿನ್ ಕಳಚಿಕೊಳ್ಳುತ್ತದೆ. ಅಮೆರಿಕದ ಎಲಿಜಬೆತ್ ಸಿಟಿಯಲ್ಲಿ 1996ರಲ್ಲಿ ಇದನ್ನೇ ಮಾಡಿದರು. ಸುಮಾರು 46 ಮೀಟರ್ ಉದ್ದ, 7 ಮೀಟರ್ ಆಳದ ಕಂದಕ ತೋಡಿ ಕಬ್ಬಿಣದ ಹರಳು ತುಂಬಿದರು. ಅಂತರ್ಜಲ ತಾನಾಗಿಯೇ ಅದರೊಳಗೆ ಹಾದು ಹೋಗುತ್ತದೆ, ಪಂಪೂ ಬೇಡ. ಆದರೆ ಗಮನಿಸಿ, ಕಬ್ಬಿಣ ಹಾಕಿದ್ದು ನೆಲದೊಳಗೆ, ನೀರಿನ ದಾರಿಗೆ ಅಡ್ಡವಾಗಿ. ಯಾರ ಮನೆ ಬಾವಿಗೂ ಅಲ್ಲ.

ಡೀಸೆಲ್ ಕಥೆ ಬೇರೆ. ಅದರಲ್ಲಿ ಕಳಚಲು ಕ್ಲೋರಿನ್ನೇ ಇಲ್ಲ. ಅದನ್ನು ತಿಂದು ಮುಗಿಸುವುದು ಮಣ್ಣಿನ ಬ್ಯಾಕ್ಟೀರಿಯಾ. ಅವಕ್ಕೆ ಆಮ್ಲಜನಕ ಬೇಕು, ಕಬ್ಬಿಣ ಅದನ್ನೇ ಎಳೆದುಕೊಳ್ಳುತ್ತದೆ. ಮೇಲಿಂದ ಲೇತ್ ಪುಡಿಗೆ ಕಟಿಂಗ್ ಆಯಿಲ್ ಬೇರೆ ಅಂಟಿರುತ್ತದೆ. ಸುಮ್ನೆ ಇನ್ನಷ್ಟು ಎಣ್ಣೆ ಹಾಕಿದಂತೆ, ಅಲ್ವಾ? ನಮ್ಮ ಚಿರೆಕಲ್ಲು ನೆಲದ ಬಾವಿಗಳಿಗೆ ಕಬ್ಬಿಣದಿಂದಾಗುವ ಕೆಂಪು ನೀರಿನ ಗೋಳು ಮೊದಲೇ ಸಾಕಷ್ಟಿದೆ. ಹಾಂ, ಬೇಸಿಗೆಯಲ್ಲಿ ಬಾವಿ ನೀರಿಗೆ ಬರುವ ಉಪ್ಪಿಗೂ ಇದು ಮದ್ದಲ್ಲ.

ಸದ್ಯಕ್ಕೆ ಆ ನೀರು ಕುಡಿಯಬೇಡಿ, ಕುದಿಸಿಯೂ ಬೇಡ. ಎಣ್ಣೆ ಕುಡಿದ ಮಣ್ಣನ್ನು ಮಳೆಗಾಲದ ಒಳಗೆ ತೆಗೆಸಿ, ಆದರೆ ತೋಟದ ಮೂಲೆಗೆ ಎಸೆಯಬೇಡಿ. ನೀರು ಪರೀಕ್ಷೆಗೆ ಕೊಡುವಾಗ ಎಣ್ಣೆ ಅಂಶ ನೋಡಿ ಅಂತ ಬಾಯಿಬಿಟ್ಟು ಹೇಳಿ.