ಅವ್ವನ ಬಗ್ಗೆ ಬರೆಯಲು ಕುಳಿತರೆ…

ಪ್ರಶ್ನೆ: ಅವ್ವ ತೀರಿಕೊಂಡು ಎಂಟು ತಿಂಗಳಾಯಿತು. ಬರೆದರೆ ಹಗುರಾಗುತ್ತದೆ ಅಂತಾರೆ. ಕುಳಿತರೆ ‘ಅವ್ವಾ’ ಎಂಬಲ್ಲಿಗೇ ಪೆನ್ನು ನಿಲ್ಲುತ್ತದೆ.
– ಓದುಗಿ, ಕಲಬುರಗಿ

ಉತ್ತರ: ತಂಗೀ, ಅಪ್ಪ ಹೋದಾಗ ನಾನೂ ಪದ್ಯ ಕಟ್ಟಲು ಹೋಗಿ ಸೋತೆ. ಕಡೆಗೆ ಅವನ ತೊಗರಿ ಲೆಕ್ಕದ ವಹಿಯ ಖಾಲಿ ಹಾಳೆಯಲ್ಲಿ, ರುಮಾಲು ಸುತ್ತುವಾಗ ಅವನು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದುದನ್ನು ಬರೆದೆ. ನಾಲ್ಕೇ ಸಾಲು. ಆಗ ಅಳು ಬಂತು. ನೀನೂ ಅವ್ವನ ಕೈ ಬರಿ: ರೊಟ್ಟಿ ಬಡಿಯುವಾಗ ಬಳೆ ಮೇಲೆ ಸರಿಸುತ್ತಿದ್ದಳೇ? 1986ರಲ್ಲಿ ಪ್ರಕಟವಾದ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷ, ನಾಲ್ಕು ದಿನ ತಮ್ಮ ನೋವು ಬರೆದರು. ಬರೆದ ಕೂಡಲೇ ಮನಸ್ಸು ಕುಗ್ಗಿತ್ತು. ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಬಳಿ ಹೋಗುವುದು ಕಡಿಮೆಯಾಯಿತು. ಹಾಗಾಗಿ ಮೊದಲ ದಿನ ಅತ್ತರೆ ವಹಿ ಮುಚ್ಚಿಡಬೇಡ. ಊಟ, ನಿದ್ದೆ ಎರಡೂ ಬಿಟ್ಟಿದ್ದರೆ ಮಾತ್ರ ಬರಹ ಸಾಲದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಹಚ್ಚು.