ರಾಜಕಾರಣಿಯ ಭರವಸೆಗೂ ಕಂಪನಿಯವರ ಭರವಸೆಗೂ ಏನು ವ್ಯತ್ಯಾಸ?

ಇಬ್ಬರೂ ಭರವಸೆ ಕೊಡೋರೇ, ಆದರೂ ಮಾತಿನ ಧಾಟಿ ಯಾಕೆ ಬೇರೆ ಅಂತ ಕೇಳಿದ್ದೀರಿ. ನಾನು ಕೋಲಾರದಲ್ಲಿ ಕಾರ್ಯಕ್ರಮ ನಿರೂಪಣೆ ಮಾಡ್ತೀನಿ. ಪಕ್ಷದ ಸಮಾವೇಶಕ್ಕೂ ಕರೀತಾರೆ, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆ ಸಮಾರಂಭಕ್ಕೂ ಕರೀತಾರೆ. ನಾನು ಕಂಡಂತೆ, ಆಡಿದ ಮಾತಿಗೆ ಲೆಕ್ಕ ಕೇಳೋರು ಯಾರು ಅನ್ನೋದೇ ಭಾಷೆಯನ್ನ ತೀರ್ಮಾನಿಸುತ್ತೆ.

ರಾಜಕಾರಣಿಯ ಭಾಷಣದಲ್ಲಿ ಮೊದಲು ಬರೋದು ಬರೀ ಹೆಸರುಗಳು. ಮಾಜಿ ಜಿಲ್ಲಾ ಪಂಚಾಯಿತಿ ಸದಸ್ಯರಿಂದ ಹಿಡಿದು ಹಾಲಿನ ಡೇರಿ ಅಧ್ಯಕ್ಷರವರೆಗೆ. ಒಬ್ಬರು ಬಿಟ್ಟುಹೋದರೂ ಪಿಎ ಓಡಿಬಂದು ಚೀಟಿ ಕೈಗಿಡ್ತಾನೆ. ಕೇಳೋರಿಗೆ ಆಕಳಿಕೆ, ಅವರಿಗೆ ಅರ್ಧ ಕೆಲಸ ಅಲ್ಲೇ ಮುಗೀತು, ಒಂದೊಂದು ಹೆಸರಿನ ಹಿಂದೆ ಒಂದೊಂದು ಊರಿನ ಮತ ಇರುತ್ತಲ್ಲ! ಆಮೇಲೆ 'ನಾನು ನಿಮ್ಮ ಮನೆ ಮಗ'. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅದೇ ಭಾಷಣ ನಡುನಡುವೆ ತೆಲುಗಿಗೆ ಹೊರಳುತ್ತೆ. ಬೈಯೋದು, ನಗಿಸೋದು ಹೆಚ್ಚಾಗಿ ತೆಲುಗಲ್ಲೇ.

ನಮ್ಮ ಕಡೆಗೆ ಕುಡಿಯೋ ನೀರು ತರೋ ಎತ್ತಿನಹೊಳೆ ಯೋಜನೆಯನ್ನೇ ತಗೊಳ್ಳಿ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆಯ್ತು. ಆಗ 12,912 ಕೋಟಿ ರೂಪಾಯಿ ಇದ್ದ ಅಂದಾಜು 2023ರ ಹೊತ್ತಿಗೆ 23,251 ಕೋಟಿಗೆ ಏರಿತು. ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಅದೂ ದೂರದ ಸಕಲೇಶಪುರದಲ್ಲಿ. ಅಷ್ಟೂ ವರ್ಷ ನಮ್ಮ ವೇದಿಕೆಗಳಲ್ಲಿ 'ನೀರು ಹರಿಸಿಯೇ ತೀರ್ತೀವಿ' ಅನ್ನೋದಕ್ಕೆ ಚಪ್ಪಾಳೆ ಬೀಳ್ತಾನೇ ಇತ್ತು. ಪ್ರಣಾಳಿಕೆಯ ಭರವಸೆಗಳು ಚುನಾವಣಾ ಕಾನೂನಿನಡಿ ಭ್ರಷ್ಟ ಆಚರಣೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಲೆಕ್ಕ ಕೇಳಬೇಕಾದವರು ಮತದಾರರು, ಅವರ ಸರದಿ ಐದು ವರ್ಷಕ್ಕೊಮ್ಮೆ.

ಷೇರುಪೇಟೆಯಲ್ಲಿರೋ ಕಂಪನಿಯವರಿಗೆ ಈ ಸಲಿಗೆ ಇಲ್ಲ. ಹೂಡಿಕೆದಾರರ ದಾರಿ ತಪ್ಪಿಸೋ ಅಂಕಿ ಹೇಳಿದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ದಂಡ ಹಾಕಬಹುದು. ಹಾಗಾಗಿ ಭಾಷಣವನ್ನ ಲೀಗಲ್‌ನವರು ಮೊದಲೇ ತಿದ್ದಿರ್ತಾರೆ. ನಿರೂಪಣೆ ಹಾಳೆಯಲ್ಲಿ ನಾನು 'ಸಾವಿರ ಜನಕ್ಕೆ ಕೆಲಸ' ಅಂತ ಬರೆದು ಕಳಿಸಿದರೆ 'ಹಂತ ಹಂತವಾಗಿ, ಸುಮಾರು ಸಾವಿರದವರೆಗೆ' ಅಂತಾಗಿ ವಾಪಸ್ ಬರುತ್ತೆ. ಓದೋಕೆ ಸಪ್ಪೆ, ಆದರೆ ನಂಬೋಕೆ ಅದೇ ಮೇಲು.

ಕೆಟ್ಟ ಸುದ್ದಿ ಹೇಳೋವಾಗ ಮಾತ್ರ ನನ್ನ ಒಲವು ಉಲ್ಟಾ. ರಾಜಕಾರಣಿ ಹಿಂದಿನ ಸರ್ಕಾರದ ಮೇಲಾದರೂ ಗೂಬೆ ಕೂರಿಸ್ತಾರೆ, ಹೊಣೆ ಅಂತ ಯಾರದ್ದೋ ಹೆಸರು ಇರುತ್ತೆ. ಜನರನ್ನ ಕೆಲಸದಿಂದ ತೆಗೆದಾಗ ಕಂಪನಿ ನೋಟಿಸಿನಲ್ಲಿ 'ಸಿಬ್ಬಂದಿ ಸಂಖ್ಯೆಯನ್ನು ಮರುಹೊಂದಾಣಿಕೆ ಮಾಡಲಾಗಿದೆ' ಅಂತಷ್ಟೇ ಇರುತ್ತೆ, ಮಾಡಿದೋರು ಯಾರೂ ಇಲ್ಲ. ಗುತ್ತಿಗೆ ಕೆಲಸದ ಹುಡುಗ ಹೋಗಿ ಕೇಳಿದರೆ ಎಚ್‌ಆರ್‌ನವರು ಕಾಂಟ್ರ್ಯಾಕ್ಟರ್ ಕಡೆ ಕೈ ತೋರಿಸ್ತಾರೆ, ಕಾಂಟ್ರ್ಯಾಕ್ಟರ್ ಫೋನೇ ಎತ್ತಲ್ಲ. ಎಂಎಲ್‌ಎ ಆದರೆ ಯಾವುದಾದರೂ ಮದುವೆಯಲ್ಲಿ ಸಿಕ್ಕೇ ಸಿಗ್ತಾರೆ, ಅಡ್ಡ ಹಾಕಿ ಕೇಳಬಹುದು.