ಮಗಳು ಪ್ರಧಾನಿಗೆ ಬರೆದ ಪತ್ರ

ಪ್ರಿಯ ಸೋದರಿ,

ಕೆನಡಾದ ಮಿಸಿಸಾಗಾದಿಂದ ನೀವು ಬರೆದ ಪತ್ರ ತಲುಪಿತು. ಫೆಬ್ರವರಿ 14ರಂದು ಐದನೇ ತರಗತಿಯ ನಿಮ್ಮ ಮಗಳು ಶಾಲೆಯಲ್ಲಿ ಕೆಂಪು ಕಾಗದವನ್ನು ಹೃದಯದಾಕಾರಕ್ಕೆ ಕತ್ತರಿಸಿ, ಮೂಲನಿವಾಸಿ ಮಕ್ಕಳಿಗೂ ಒಳ್ಳೆಯ ಶಾಲೆ ಕೊಡಿ ಎಂದು ಪ್ರಧಾನಿಗೆ ಬರೆದಳಂತೆ. "ಅನ್ಯಾಯ ಮಾಡಿದವರು ಯಾರೋ. ನಾವು ಇಲ್ಲಿಗೆ ಬಂದು ಆರೇ ವರ್ಷ. ಇದರಲ್ಲಿ ನಮ್ಮದೇನಿದೆ? ಇಷ್ಟು ಚಿಕ್ಕವರನ್ನು ರಾಜಕೀಯಕ್ಕೆ ಎಳೆಯುವುದು ಸರಿಯೇ?" ಎಂದು ಕೇಳಿದ್ದೀರಿ. ಜೊತೆಗೆ ಮಗಳ ಪ್ರಶ್ನೆಯನ್ನೂ ಬರೆದಿದ್ದೀರಿ: "ಅಮ್ಮಾ, ಆ ಮಕ್ಕಳಿಗೆ ಶಾಲೆ ಸಿಕ್ಕಿತಾ?"

ಎಳೆಯುವ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಕೆಂಪು ಕಾಗದಗಳ ಹಿಂದೆ ಇರುವವಳೇ ಒಬ್ಬ ಹುಡುಗಿ, ಶಾನೆನ್ ಕೂಸ್ಟಾಚಿನ್. ನಿಮ್ಮದೇ ಒಂಟಾರಿಯೋ ಪ್ರಾಂತ್ಯದ ಉತ್ತರದಲ್ಲಿ, ಜೇಮ್ಸ್ ಕೊಲ್ಲಿಯ ದಡದ ಅಟಾವಾಪಿಸ್ಕಾಟ್ ಎಂಬ, ಕ್ರೀ ಮೂಲನಿವಾಸಿ ಜನರ ಊರಿನವಳು. ಚಳಿಗಾಲದಲ್ಲಿ ಮಂಜುಗಡ್ಡೆಯ ದಾರಿ ಬಿಟ್ಟರೆ ಆ ಊರಿಗೆ ರಸ್ತೆಯಿಲ್ಲ. 1979ರಲ್ಲಿ ಅಲ್ಲಿನ ಶಾಲೆಯ ಅಡಿಯಲ್ಲಿ ಡೀಸೆಲ್ ಸೋರಿ ನೆಲಕ್ಕಿಳಿಯಿತು. ಆ ವಾಸನೆಯಲ್ಲೇ ಮಕ್ಕಳು ವರ್ಷಗಟ್ಟಲೆ ಪಾಠ ಕೇಳಿದರು. 2000ದಲ್ಲಿ ಕಟ್ಟಡ ಮುಚ್ಚಿತು. ಮಕ್ಕಳು ತಾತ್ಕಾಲಿಕ ಡಬ್ಬಿ ಕೊಠಡಿಗಳಿಗೆ ಹೋದರು. ಹೊಸ ಶಾಲೆಯ ಭರವಸೆ ಬಂತು, ಶಾಲೆ ಬರಲಿಲ್ಲ. ಹೀಟರ್ ಕೆಟ್ಟ ದಿನ ಕೋಟು ತೊಟ್ಟೇ ಬರೆಯಬೇಕಿತ್ತು.

2008ರಲ್ಲಿ ಶಾನೆನ್ ಎಂಟನೇ ತರಗತಿ. ಅವಳ ತರಗತಿಯವರು ನಯಾಗರಾ ಜಲಪಾತಕ್ಕೆ ಪ್ರವಾಸ ಹೋಗಲೆಂದು ಹಣ ಕೂಡಿಟ್ಟಿದ್ದರು. ಆ ಪ್ರವಾಸವನ್ನೇ ಬಿಟ್ಟು, ಅದೇ ಹಣದಲ್ಲಿ ರಾಜಧಾನಿ ಒಟ್ಟಾವಾಕ್ಕೆ ಹೋದರು. ಮೂಲನಿವಾಸಿ ವ್ಯವಹಾರಗಳ ಸಚಿವ ಚಕ್ ಸ್ಟ್ರಾಲ್ ಶಾಲೆಗೆ ಹಣವಿಲ್ಲ ಎಂದರು. ನಿಮ್ಮ ಈ ಕಚೇರಿಯಷ್ಟು ಚೆಂದದ ಒಂದು ಕೊಠಡಿ ನಮಗೂ ಇದ್ದಿದ್ದರೆ ಎಂದು ಹದಿಮೂರರ ಶಾನೆನ್ ಅವರ ಮುಖಕ್ಕೇ ಹೇಳಿ ಬಂದಳು. ಊರಿನ ಮಕ್ಕಳು ಇಂಟರ್‌ನೆಟ್ಟಿನಲ್ಲಿ ತಮ್ಮ ಸ್ಥಿತಿ ತೋರಿಸಿ, ಬೇರೆ ಶಾಲೆಗಳ ಮಕ್ಕಳನ್ನು ಬೆಂಬಲ ಕೇಳಿದರು. ಕೆನಡಾದ ಮೂಲೆಮೂಲೆಯಿಂದ ಸಾವಿರಾರು ಮಕ್ಕಳು ಸರ್ಕಾರಕ್ಕೆ ಬರೆದರು. ಈಗ ಹೇಳಿ, ಯಾರು ಯಾರನ್ನು ಎಳೆದರು?

"ನಮ್ಮದೇನಿದೆ" ಎಂಬ ಪ್ರಶ್ನೆ ನನಗೆ ಹೆಚ್ಚು ಮುಖ್ಯ. ಮಿಸಿಸಾಗಾ ಎಂಬುದು ಒಂದು ಮೂಲನಿವಾಸಿ ಜನಾಂಗದ ಹೆಸರು. ಅವರು ಇಂದಿಗೂ ಇದ್ದಾರೆ. ಪಕ್ಕದ ಟೊರಾಂಟೊ ನೆಲದ 1805ರ ಕ್ರಯಕ್ಕೆ ನ್ಯಾಯವಾದ ಬೆಲೆ ಕೇಳುತ್ತಲೇ ಬಂದ ಅವರೊಂದಿಗೆ ಸರ್ಕಾರ ರಾಜಿಯಾದದ್ದು 2010ರಲ್ಲಿ. ಉತ್ತರದ ಕ್ರೀ ಜನರ ನೆಲ ಸರ್ಕಾರದ ಕೈಗೆ ಹೋದದ್ದು ಮೂಲನಿವಾಸಿಗಳೊಂದಿಗೆ ಮಾಡಿಕೊಂಡ ಒಂಬತ್ತನೇ ಒಪ್ಪಂದದಲ್ಲಿ. ಅಟಾವಾಪಿಸ್ಕಾಟ್ ಅದಕ್ಕೆ ಸೇರಿದ್ದು 1930ರಲ್ಲಿ. ಮೇಷ್ಟರ ಸಂಬಳ, ಶಾಲೆಯ ಕಟ್ಟಡ, ಪಾಠದ ಸಾಮಗ್ರಿ ಸರ್ಕಾರವೇ ಕೊಡುತ್ತದೆ ಎಂದು ಅದರಲ್ಲೇ ಬರೆದಿದೆ. "ಸರ್ಕಾರಕ್ಕೆ ಸರಿಕಂಡಷ್ಟು" ಎಂಬ ಬಾಲವೂ ಇದೆ. ನಿಮ್ಮ ಮಗಳ ಶಾಲೆಗೆ ಹಣ ಕೊಡುವುದು ಪ್ರಾಂತ್ಯ. ಮೂಲನಿವಾಸಿಗಳಿಗೆ ಮೀಸಲಾದ ಊರುಗಳಲ್ಲಿ ಅದು ಒಟ್ಟಾವಾದ ಕೇಂದ್ರ ಸರ್ಕಾರದ ಹೊಣೆ. ಅಲ್ಲಿನ ಅನುದಾನ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚಬಾರದೆಂದು 1996ರಲ್ಲಿ ಮಿತಿ ಹಾಕಿದರು; ಮಕ್ಕಳ ಸಂಖ್ಯೆಗೆ ಅಂಥ ಮಿತಿ ಇರಲಿಲ್ಲ. ಆದ್ದರಿಂದ ನಿಮ್ಮ ಮಗಳು ಕೇಳಿದ್ದು ದಾನವನ್ನಲ್ಲ. ತಾನು ಓಡಾಡುವ ದೇಶ ಕೊಟ್ಟ ಮಾತನ್ನು ನೆನಪಿಸಿದ್ದಾಳೆ. ಆರು ವರ್ಷವಾಗಲಿ, ಅರವತ್ತು ವರ್ಷವಾಗಲಿ, ಅಲ್ಲಿ ಮನೆ ಮಾಡಿದವರಿಗೆಲ್ಲ ಆ ಮಾತು ಸೇರಿದ್ದು.

ಭಾನುವಾರ ಮಗಳನ್ನು ಕನ್ನಡ ತರಗತಿಗೆ ಕರೆದೊಯ್ಯುತ್ತೇನೆ ಎಂದೂ ಬರೆದಿದ್ದೀರಿ. ಓದಿ ಸಂತೋಷವಾಯಿತು. ಅದೇ ದೇಶದಲ್ಲಿ ಸುಮಾರು ಒಂದೂವರೆ ಲಕ್ಷ ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಿಗೆ ಒಯ್ದು, ತಾಯಿಮಾತು ಆಡಿದರೆ ಶಿಕ್ಷಿಸುತ್ತಿದ್ದರು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಅಲ್ಲಿ ಮಗಳು ಕನ್ನಡ ಮರೆತರೂ ಕನ್ನಡಕ್ಕೆ ಇಲ್ಲೊಂದು ನಾಡಿದೆ. ಕ್ರೀ ಭಾಷೆಗೆ ಬೇರೆ ತವರಿಲ್ಲ, ಇರುವುದು ಅದೇ ನೆಲ. ಮಗು ಅ ಆ ಇ ಈ ತಿದ್ದುವುದನ್ನು ನೋಡುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಆದರೆ ಒಂದು ಅಳುಕು ನನಗೂ ಇದೆ. ವರ್ಷಕ್ಕೊಂದು ಕಾಗದ ಕತ್ತರಿಸಿದರೆ ಆಯಿತು ಎಂದಾದರೆ, ಅಲ್ಲಿನ ಮಕ್ಕಳು ನಿಮ್ಮ ಮಗಳ ಕಣ್ಣಿಗೆ ಬರೀ "ಪಾಪದವರು" ಆಗಿ ಉಳಿಯುತ್ತಾರೆ. ಮಿಸಿಸಾಗಾ ಜನರ ಹಬ್ಬಕ್ಕೆ ಎಲ್ಲರನ್ನೂ ಕರೆದಾಗ ಮನೆಮಂದಿಯೆಲ್ಲ ಹೋಗಿ ಬನ್ನಿ. ಅವರ ಮಾತು ಅವರ ಬಾಯಿಂದಲೇ ಅವಳ ಕಿವಿಗೆ ಬೀಳಲಿ.

ಮಗಳಿಗೆ ನನ್ನ ಉತ್ತರ ತಲುಪಿಸಿ: ಸಿಕ್ಕಿತು ಪುಟ್ಟಿ. 2012ರ ಫೆಬ್ರವರಿಯಲ್ಲಿ ಮೂಲನಿವಾಸಿ ಮಕ್ಕಳಿಗೂ ಸಮಾನ ಶಿಕ್ಷಣ ಬೇಕೆಂಬ "ಶಾನೆನ್ ಕನಸು" ಗೊತ್ತುವಳಿಗೆ ಸಂಸತ್ತಿನ ಎಲ್ಲ ಪಕ್ಷದವರೂ ಒಪ್ಪಿದರು. 2014ರಲ್ಲಿ ಅಟಾವಾಪಿಸ್ಕಾಟ್‌ನ ಹೊಸ ಶಾಲೆ ತೆರೆಯಿತು. ಶಾನೆನ್ ಅದನ್ನು ನೋಡಲಿಲ್ಲ. ಒಳ್ಳೆಯ ಹೈಸ್ಕೂಲಿಗೆಂದು ಮನೆ ಬಿಟ್ಟು ನೂರಾರು ಕಿಲೋಮೀಟರ್ ದೂರ ಹೋಗಿದ್ದವಳು 2010ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಳು. ಅವಳಿಗಾಗ ಹದಿನೈದು.

— ಸಂಪಾದಕ